ಭೋಸರಿ ಶೆಡ್ಡಿನಲ್ಲಿ ಚಾಕು ಗ್ರೈಂಡರ್: ಕೊಂಡಿದ್ದು, ಕೆಡಿಸಿದ್ದು, ಕಟ್ಟಿದ್ದು

ನಾಲ್ಕನೇ ಚಾಕುವಿನ ಮೊನೆ ಸುಟ್ಟ ದಿನ ನನಗೆ ಬುದ್ಧಿ ಬಂತು. ಬೆಂಚ್ ಗ್ರೈಂಡರಿನ ಕಲ್ಲಿಗೆ ಮೊನೆ ತಾಗಿಸಿದ್ದೆ. ಹೊರಗೆ ಟೆಂಪೋದವನು ಹಾರ್ನ್ ಹೊಡೆದ. ಒಮ್ಮೆ ತಲೆ ಎತ್ತಿ ನೋಡಿದೆ, ಅಷ್ಟೇ. ಮೊನೆಯ ಮೇಲೆ ಒಣಹುಲ್ಲಿನ ಬಣ್ಣ ಬಂತು, ಕಂದಾಯಿತು, ನೇರಳೆಯಾಯಿತು, ನವಿಲಿನ ಕತ್ತಿನ ನೀಲಿಗೆ ಬಂದು ನಿಂತಿತು. ಎಲ್ಲ ಸೇರಿ ಎರಡು ಸೆಕೆಂಡ್ ಇರಬಹುದು.

ನೋಡಲು ಚೆಂದವೇ. ಆದರೆ ಆ ಅಲಗನ್ನು ಹಿಂದಿನ ವಾರವಷ್ಟೇ ಮನೆಯ ಓವನ್ನಿನಲ್ಲಿ 200 ಡಿಗ್ರಿಗೆ, ಎರಡೆರಡು ಗಂಟೆಯಂತೆ ಎರಡು ಸಲ ಇಟ್ಟು ಹದ ಮಾಡಿದ್ದೆ, ಅಂದರೆ ಗಡಸು ಉಕ್ಕು ಒಡೆಯದಿರಲಿ ಅಂತ ಗಡಸುತನ ಸ್ವಲ್ಪ ಇಳಿಸಿದ್ದೆ. ಹೆಂಡತಿ ಆ ಓವನ್ನಿನಲ್ಲಿ ಕೇಕ್ ಮಾಡುವುದನ್ನೇ ಬಿಟ್ಟಿದ್ದಾಳೆ, ಅದು ಬೇರೆ ಮಾತು. ಹುಲ್ಲಿನ ಬಣ್ಣ ಅಂದರೆ 205 ಡಿಗ್ರಿ ಆಸುಪಾಸು. ನೀಲಿ ಅಂದರೆ 300 ಹತ್ತಿರ. ಅಲ್ಲಿಗೆ ಹದ ಹೋಯಿತು ಅಂತಲೇ ಲೆಕ್ಕ. ಅರ ಇಟ್ಟು ನೋಡಿದೆ. ಅಲಗಿನ ನಡುವೆ ಗಾಜಿನ ಮೇಲೆ ಹೋದ ಹಾಗೆ ಜಾರುತ್ತಿದ್ದ ಅರ ಮೊನೆಯ ಹತ್ತಿರ ಬಂದಾಗ ಕಚ್ಚಿತು, ಅಂದರೆ ಅಲ್ಲಿ ಉಕ್ಕು ಮೆತ್ತಗಾಗಿದೆ. 8 ಮಿಲಿಮೀಟರ್ ಮೊನೆ ಕತ್ತರಿಸಿ ಹಾಕಿ, ಚಾಕುವನ್ನು ಗಿಡ್ಡ ಮಾಡಿ ಮನೆಗೇ ಇಟ್ಟುಕೊಂಡೆ.

ನಾನು ಪುಣೆ ಹತ್ತಿರದ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವವನು. ಊರು ಇಂಡಿ ಕಡೆ. ಭೋಸರಿಯಲ್ಲಿ 10 ಅಡಿಗೆ 12 ಅಡಿಯ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದಿದ್ದೇನೆ. ಗುರುವಾರ ನಮಗೆ ವಾರದ ರಜೆ, ಅವತ್ತು ಚಾಕು. ಮಾಡುವುದೆಲ್ಲ ಅಡುಗೆಮನೆಯ ಚಾಕುಗಳೇ, 6ರಿಂದ 8 ಇಂಚಿನವು. ಕೊಳ್ಳುವವರು ಹೆಚ್ಚಾಗಿ ಪಿಂಪ್ರಿ-ಚಿಂಚವಾಡ ಕಡೆಯ ಉಡುಪಿ ಹೋಟೆಲ್‌ಗಳ ಅಡುಗೆಯವರು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದು, ಮನೆ-ಹೊಲದ ಕೆಲಸದ್ದಲ್ಲದಿದ್ದರೆ 2016ರ ಆಯುಧ ನಿಯಮಗಳು ಅದನ್ನು ಬೇರೆ ಕಣ್ಣಿನಿಂದ ನೋಡುತ್ತವೆ. ಕತ್ತಿ-ಗಿತ್ತಿ ಕೇಳಿಕೊಂಡು ಬಂದವರಿಗೆ ಚಹಾ ಕುಡಿಸಿ ಕಳಿಸುತ್ತೇನೆ.

ಬೆಂಚ್ ಗ್ರೈಂಡರ್ ಯಾಕೆ ಕೊಂಡೆ ಅಂದರೆ, ಪುಣೆಯ ರವಿವಾರ ಪೇಠದ ಬೋಹ್ರಿ ಆಳಿಯಲ್ಲಿ ಅದು ಎದುರಿಗೇ ಇತ್ತು. ಗ್ರೈಂಡರ್ ಅಂದರೆ ಅದೇ ಅಲ್ವಾ ಅಂದುಕೊಂಡೆ. ಲೆಕ್ಕ ಹಾಕಿದ್ದು ಆಮೇಲೆ. 150 ಮಿಲಿಮೀಟರ್ ಕಲ್ಲು ನಿಮಿಷಕ್ಕೆ 2880 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ 22 ಮೀಟರಿಗೂ ಜಾಸ್ತಿ ಓಡುತ್ತದೆ. ವೇಗ ಕಮ್ಮಿ ಮಾಡುವ ದಾರಿ ಇಲ್ಲ. ಕಲ್ಲು ದುಂಡಗಿರುವುದರಿಂದ ಅಲಗಿಗೆ ತಾಗುವುದು ಒಂದು ಗೆರೆಯಷ್ಟು ಜಾಗ, ಕಾವೆಲ್ಲ ಆ ಗೆರೆಯಲ್ಲೇ. ಸ್ವಲ್ಪ ಹೊತ್ತಿಗೆ ಕಲ್ಲಿನ ಕಣಗಳ ಮೂತಿ ಮೊಂಡಾಗಿ ಕಲ್ಲು ಹೊಳೆಯತೊಡಗುತ್ತದೆ. ಆಮೇಲೆ ಅದು ಕತ್ತರಿಸುವುದಿಲ್ಲ, ಬರೀ ಉಜ್ಜುತ್ತದೆ. ಊರಲ್ಲಿ ಸೈಕಲ್ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದು ಸಾಣೆ ಹಿಡಿಯುತ್ತಿದ್ದವನು ಒಂದು ಕತ್ತಿಯ ಹದವನ್ನೂ ಕೆಡಿಸಿದ್ದು ನಾನು ನೋಡಿಲ್ಲ. ಅವನ ಗಾಲಿ ಅಷ್ಟು ನಿಧಾನ.

ಬೆಂಚ್ ಗ್ರೈಂಡರ್ ಈಗಲೂ ಇದೆ. ಡ್ರಿಲ್ ಬಿಟ್, ಉಳಿ ಚೂಪು ಮಾಡಲು ಒಳ್ಳೆಯದು. ಹೊಸ ಕಲ್ಲು ಹಾಕುವ ಮೊದಲು ಅದನ್ನು ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಗಂಟೆಯ ಹಾಗೆ ನಾದ ಬರಬೇಕು. ಒಡಕು ಮಡಕೆಯ ಸದ್ದು ಬಂದರೆ ಮಷಿನ್‌ಗೆ ಏರಿಸಬೇಡಿ.

ಎರಡನೇ ಖರೀದಿ 4 ಇಂಚಿನ ಆ್ಯಂಗಲ್ ಗ್ರೈಂಡರ್. ಅಂಗಡಿಯಲ್ಲಿ ಎಜಿ-ಫೋರ್ ಅಂದರೆ ಸಾಕು. ಇದು ದಂಡವಾಗಲಿಲ್ಲ. ಉಕ್ಕಿನ ಪಟ್ಟಿಯಿಂದ ಚಾಕುವಿನ ಆಕಾರ ಕತ್ತರಿಸಲು ಇದರಷ್ಟು ಅಗ್ಗದ ಸಾಧನ ಬೇರೆ ಇಲ್ಲ. 1 ಮಿಲಿಮೀಟರ್ ದಪ್ಪದ ಕಟಿಂಗ್ ಡಿಸ್ಕ್ ಹಾಕಿ ಗೆರೆಯ ಹೊರಗೆ ಕತ್ತರಿಸುವುದು, 60 ನಂಬರಿನ ಫ್ಲ್ಯಾಪ್ ಡಿಸ್ಕ್ (ಪಾಲಿಶ್ ಪೇಪರಿನಂಥ ತುಣುಕು ಸುತ್ತ ಜೋಡಿಸಿದ ಡಿಸ್ಕ್) ಹಾಕಿ ಗೆರೆವರೆಗೆ ತರುವುದು. ಆದರೆ ಅಲಗಿನ ಇಳಿಜಾರನ್ನು, ಅಂದರೆ ಬಾಯಿಯ ಕಡೆಗೆ ತೆಳ್ಳಗಾಗುತ್ತಾ ಹೋಗುವ ಮಗ್ಗುಲನ್ನು, ಇದರಲ್ಲಿ ತೆಗೆಯಲು ಹೋಗಬೇಡಿ. ಕೈ ಎಷ್ಟೇ ಗಟ್ಟಿ ಇದ್ದರೂ ಅಲೆ ಅಲೆಯಾಗಿ ಬರುತ್ತದೆ. ಆ ಅಲೆಗಳನ್ನು ಆಮೇಲೆ ಪಾಲಿಶ್ ಪೇಪರಿನಲ್ಲಿ ತೆಗೆಯುವ ಹೊತ್ತಿಗೆ ಶ್ರಾವಣ ಕಳೆದು ಗಣಪತಿ ಬಂದಿರುತ್ತಾನೆ.

ಗಾರ್ಡ್ ಬಗ್ಗೆ ಒಂದು ಮಾತು. ಈ ಮಷಿನ್ 11,000 ಸುತ್ತು ತಿರುಗುತ್ತದೆ. ಪಕ್ಕದ ಶೆಡ್ಡಿನಲ್ಲಿ ಒಬ್ಬರು ಗಾರ್ಡ್ ಬಿಚ್ಚಿ, ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ ಓಡಿಸುತ್ತಿದ್ದರು. ಬ್ಲೇಡ್ ಮರದಲ್ಲಿ ಸಿಕ್ಕಿಬಿದ್ದು ಮಷಿನ್ ಕೈಯಿಂದ ಹಾರಿ ತೊಡೆಗೆ ಬಡಿಯಿತು. ಒಂಬತ್ತು ಹೊಲಿಗೆ. ಆ ಸದ್ದು ಕೇಳಿ ಓಡಿ ಹೋದವನು ನಾನೇ. ನನ್ನ ಮಷಿನಿನ ಗಾರ್ಡ್ ಕಚ್ಚಿಕೊಂಡೇ ಇದೆ.

ಮೊನೆ ಸುಟ್ಟ ಮೇಲೆ ಮೂರು ತಿಂಗಳು ನಾನು ಕರೆಂಟಿನ ಯಾವ ಮಷಿನನ್ನೂ ಇಳಿಜಾರಿಗೆ ಮುಟ್ಟಿಸಲಿಲ್ಲ. ಅರವೇ. ಜೆಕೆ ಕಂಪನಿಯ 12 ಇಂಚಿನ ಒರಟು ಅರ ಒಂದು, 10 ಇಂಚಿನ ನಯ ಅರ ಒಂದು. ಜೆಕೆಯವರ ಕಾರ್ಖಾನೆ ನಮ್ಮ ಇದೇ ಮಹಾರಾಷ್ಟ್ರದ ರತ್ನಾಗಿರಿಯಲ್ಲಿದೆ. ಒಂದು ಆ್ಯಂಗಲ್ ಪಟ್ಟಿಯ ಮೇಲೆ ಅಲಗನ್ನು ಬಿಗಿದು, ಅರಕ್ಕೆ ಉದ್ದನೆ ಸರಳು ಕಟ್ಟಿ, ಆ ಸರಳು ಒಂದು ಐ-ಬೋಲ್ಟಿನ ಕಣ್ಣಿನೊಳಗಿಂದ ಹಿಂದೆ ಮುಂದೆ ಓಡಾಡುವ ಹಾಗೆ ಮಾಡಿದೆ. ಬೋಲ್ಟ್ ಏರಿಸಿ ಇಳಿಸಿದರೆ ಕೋನ ಬದಲಾಗುತ್ತದೆ. ಒಂದು ಚಾಕುವಿಗೆ ಐದು ಗಂಟೆ ಹಿಡಿಯುತ್ತಿತ್ತು. ಆದರೆ ಎರಡೂ ಮಗ್ಗುಲು ಸಮ, ಒಂದು ಅಲೆ ಇಲ್ಲ.

ಆ ತಿಂಗಳುಗಳಲ್ಲಿ ಕಲಿತದ್ದರಲ್ಲಿ ಒಂದನ್ನು ಇಲ್ಲಿ ಬರೆಯುತ್ತೇನೆ. ಅಲಗಿನ ಬಾಯಿಯ ನಡು ಗೆರೆ ಹಾಕಲು ಅಳತೆಪಟ್ಟಿ ಬೇಡ. ಪಟ್ಟಿ 3 ಮಿಲಿಮೀಟರ್ ದಪ್ಪ ಇದ್ದರೆ 3 ಮಿಲಿಮೀಟರ್ ಡ್ರಿಲ್ ಬಿಟ್ ತೆಗೆದುಕೊಳ್ಳಿ. ಎರಡನ್ನೂ ಸಪಾಟಾದ ಗಾಜಿನ ಮೇಲೆ ಮಲಗಿಸಿ. ಬಿಟ್ಟಿನ ಮೊನೆ ಸರಿಯಾಗಿ ನಡುವಿನ ಎತ್ತರದಲ್ಲಿರುತ್ತದೆ. ಬಾಯಿಗೆ ಮಾರ್ಕರ್ ಬಳಿದು, ಬಿಟ್ಟನ್ನು ಒತ್ತಿ ಎಳೆಯಿರಿ. ಅಲಗು ತಿರುಗಿಸಿ ಇನ್ನೊಮ್ಮೆ ಎಳೆಯಿರಿ. ಕೂದಲೆಳೆಯ ಅಂತರದಲ್ಲಿ ಎರಡು ಗೆರೆ ಬೀಳುತ್ತವೆ. ಹದ ಕೊಡುವ ಮೊದಲು ಬಾಯಿ 0.8 ಮಿಲಿಮೀಟರ್‌ಗಿಂತ ತೆಳ್ಳಗೆ ಮಾಡಬಾರದು. ಗಡಸು ಮಾಡಲು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದಾಗ ತೆಳ್ಳನೆ ಬಾಯಿ ಸೊಟ್ಟಗಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಉಳಿದದ್ದನ್ನು ಹದ ಆದ ಮೇಲೆ ತೆಗೆಯಬೇಕು. ಇಲ್ಲೇ ಅರ ಸೋಲುತ್ತದೆ. ಹದ ಕುಡಿದ ಉಕ್ಕಿಗೆ ಅರ ಹತ್ತುವುದಿಲ್ಲ. ಪಾಲಿಶ್ ಪೇಪರಿನ ಹಾಗೆ ಉಜ್ಜುವ ಕಾಳು ಅಂಟಿಸಿದ ಬೆಲ್ಟ್ ಬೇಕೇ ಬೇಕು.

ಬೆಲ್ಟ್ ಮಷಿನ್ ಅಂದಾಗ ಮನಸ್ಸು ಮೊದಲು ಹೋಗಿದ್ದು ಚಿಕ್ಕದರ ಕಡೆಗೆ. 25 ಮಿಲಿಮೀಟರ್ ಅಗಲ, 762 ಉದ್ದದ ಬೆಲ್ಟ್ ಓಡುವ ಮೇಜಿನ ಮಷಿನ್. ಗೆಳೆಯನ ಹತ್ತಿರ ಇತ್ತು, ಎರಡು ವಾರ ತಂದಿಟ್ಟುಕೊಂಡೆ. ಬಾಯಿ ಚೂಪು ಮಾಡಲು, ಹಿಡಿಯ ಮೂಲೆ ದುಂಡು ಮಾಡಲು ಸಾಕು. ಇಳಿಜಾರು ತೆಗೆಯಲು ಒತ್ತಿದರೆ ಮೋಟರ್ ನಿಲ್ಲುತ್ತದೆ, ಬೆಲ್ಟ್ ಹತ್ತು ನಿಮಿಷಕ್ಕೇ ಸವೆಯುತ್ತದೆ. ಯಾಕೆ ಅಂತ ಯೋಚಿಸಿದರೆ ಸುಲಭ. ಉದ್ದ ಬೆಲ್ಟಿನಲ್ಲಿ ಒಂದು ಕಾಳು ಉಕ್ಕಿಗೆ ತಾಗಿ ಹೋದ ಮೇಲೆ ಮತ್ತೆ ಬರುವವರೆಗೆ ಗಾಳಿಯಲ್ಲಿ ಜಾಸ್ತಿ ದೂರ ಓಡುತ್ತದೆ. ಅಷ್ಟರಲ್ಲಿ ತಣ್ಣಗಾಗುತ್ತದೆ. ಕೆಲಸ ಹಂಚಿಕೊಳ್ಳುವ ಕಾಳುಗಳೂ ಜಾಸ್ತಿ. ಪ್ರಪಂಚದ ಚಾಕು ಮಾಡುವವರೆಲ್ಲ 2 ಇಂಚಿಗೆ 72 ಇಂಚಿನ ಬೆಲ್ಟಿಗೆ ಯಾಕೆ ಅಂಟಿಕೊಂಡಿದ್ದಾರೆ ಅಂತ ಆಗ ತಿಳಿಯಿತು. ನಮ್ಮ ಅಳತೆಯಲ್ಲಿ 50 ಮಿಲಿಮೀಟರಿಗೆ 1830.

ಮಷಿನ್ ನೋಡುವ ಮೊದಲು ಬೆಲ್ಟ್ ಅಂಗಡಿಗೆ ಹೋದೆ. ಈ ಒಂದು ಕೆಲಸ ಮಾತ್ರ ಸರಿಯಾದ ಕ್ರಮದಲ್ಲಿ ಮಾಡಿದೆ. ಮಷಿನ್ ಒಮ್ಮೆ ಕೊಳ್ಳುವುದು, ಬೆಲ್ಟ್ ಪ್ರತಿ ತಿಂಗಳೂ ಕೊಳ್ಳುವುದು. ನಿಮಗೆ ಸಿಗದ ಅಳತೆಯ ಬೆಲ್ಟ್ ಬೇಡುವ ಮಷಿನ್ ಮನೆಗೆ ತಂದರೆ ಅದು ಬಟ್ಟೆ ಒಣಗಿಸಲು ಮಾತ್ರ ಉಪಯೋಗ. ಭೋಸರಿಯಲ್ಲಿ ಬೆಲ್ಟನ್ನು ದೊಡ್ಡ ರೋಲಿನಿಂದ ಕತ್ತರಿಸಿ, ನೀವು ಹೇಳಿದ ಉದ್ದಕ್ಕೆ ಜೋಡಿಸಿ ಕೊಡುವವರು ಇದ್ದಾರೆ. 1830 ಅಂದೆ. ಸಂಜೆ ಬನ್ನಿ ಅಂದರು. ನಾರ್ಟನ್, ಕ್ಯುಮಿ, ತ್ರೀಎಂ ಮೂರರದ್ದೂ ರೋಲ್ ಇತ್ತು. ಜೋಡಣೆ ಎರಡು ಥರ. ಒಂದರ ಮೇಲೊಂದು ಹೊದಿಸಿ ಅಂಟಿಸಿದ್ದಾದರೆ ಒಳಗೆ ಬಾಣದ ಗುರುತು ಇರುತ್ತದೆ, ಆ ದಿಕ್ಕಿಗೇ ಓಡಬೇಕು. ತುದಿಗೆ ತುದಿ ಕೂಡಿಸಿ ಹಿಂದೆ ಪಟ್ಟಿ ಹಚ್ಚಿದ್ದಾದರೆ ಯಾವ ಕಡೆಯಾದರೂ ಸರಿ, ಪ್ರತಿ ಸುತ್ತಿಗೂ ಟಪ್ ಟಪ್ ಅನ್ನುವುದೂ ಕಮ್ಮಿ. ನಾನು ಎರಡನೆಯದನ್ನೇ ಕೇಳುತ್ತೇನೆ. ಮಳೆಗಾಲದಲ್ಲಿ ಬೆಲ್ಟನ್ನು ಮಡಚಿ ಇಡಬೇಡಿ. ದಪ್ಪ ಪೈಪಿಗೆ ತೂಗುಹಾಕಿ.

ಮೋಟರ್ ಸಿಕ್ಕಿದ್ದು ಜುನಾ ಬಾಜಾರಿನಲ್ಲಿ. ಬುಧವಾರ, ಭಾನುವಾರ ಅಲ್ಲಿ ಹಳೆ ಸಾಮಾನಿನ ಸಂತೆ ಕೂಡುತ್ತದೆ. ಒಂದೂವರೆ ಎಚ್‌ಪಿ, ಮೂರು ಫೇಸ್, 1420 ಸುತ್ತು. ತಗಡಿನ ಫಲಕದಲ್ಲಿ 415 ವೋಲ್ಟ್, 2.6 ಆಂಪ್ ಅಂತ ಓದಲು ಬರುತ್ತಿತ್ತು. ಶಾಫ್ಟ್ 24 ಮಿಲಿಮೀಟರ್. ಕೈಯಲ್ಲಿ ತಿರುಗಿಸಿದರೆ ಬೇರಿಂಗ್ ಸದ್ದು ಮಾಡಲಿಲ್ಲ. ಶೆಡ್ಡಿನಲ್ಲಿ ಇರುವುದು ಸಿಂಗಲ್ ಫೇಸ್. ಹಾಗಾಗಿ ನಡುವೆ ವಿಎಫ್‌ಡಿ ಬೇಕು. ಮೋಟರಿಗೆ ಹೋಗುವ ಕರೆಂಟಿನ ಹರ್ಟ್ಸ್ ಬದಲಿಸುವ ಡಬ್ಬಿ ಅದು. ಅದು 230 ವೋಲ್ಟ್ ಸಿಂಗಲ್ ಫೇಸ್ ತೆಗೆದುಕೊಂಡು 230 ವೋಲ್ಟ್ ಮೂರು ಫೇಸ್ ಕೊಡುತ್ತದೆ, ಜೊತೆಗೆ ಗುಂಡಿ ತಿರುಗಿಸಿ ವೇಗ ಏರಿಸಿ ಇಳಿಸಬಹುದು. ನನ್ನ ಖರ್ಚಿನಲ್ಲಿ ಅತಿ ದುಬಾರಿ ಸಾಮಾನು ಇದೇ. ಇದನ್ನು ಬಿಟ್ಟು ಉಳಿದ ಯಾವುದರಲ್ಲಿ ಬೇಕಾದರೂ ಜಿಪುಣತನ ಮಾಡಿ.

ಚೌಕ ಪೈಪಿನ ಫ್ರೇಮ್ ಮಾಡಿಸಿ, 150 ಮಿಲಿಮೀಟರಿನ ಅಲ್ಯುಮಿನಿಯಂ ಡ್ರೈವ್ ಗಾಲಿ ಶಾಫ್ಟಿಗೆ ಕೂಡಿಸಿ, ಮೇಲೆ ಕೆಳಗೆ ಎರಡು ಚಿಕ್ಕ ಗಾಲಿ ಹಾಕಿ, ಒಂದು ಗುರುವಾರ ಮಧ್ಯಾಹ್ನ ಸ್ವಿಚ್ ಒತ್ತಿದೆ. ಬೆಲ್ಟ್ ಓಡಿತು. ಏನು ಓಟ! 60 ನಂಬರಿನ ಬೆಲ್ಟಿಗೆ ಹಳೆ ಪಟ್ಟಿಯೊಂದನ್ನು ಒತ್ತಿದೆ. ಕಿಡಿ ಹಾರಿತು, ಬೆಲ್ಟ್ ನಿಂತಿತು. ಮೆಲ್ಲಗೆ ಒತ್ತಿದರೆ ಓಡುತ್ತದೆ. ಸ್ವಲ್ಪ ಭಾರ ಬಿಟ್ಟರೆ ನಿಲ್ಲುತ್ತದೆ. ಗೆಳೆಯನ ಪುಟ್ಟ ಮಷಿನಿಗಿಂತಲೂ ಕಡೆ.

ಬೆಲ್ಟ್ ಸಡಿಲ ಇರಬೇಕು ಅಂದುಕೊಂಡೆ. ಸ್ಪ್ರಿಂಗ್ ಬಿಗಿ ಮಾಡಿದೆ, ಫಲ ಇಲ್ಲ. ಡ್ರೈವ್ ಗಾಲಿ ಜಾರುತ್ತಿರಬಹುದು ಅಂತ ಗಾಲಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಶಾಫ್ಟಿನ ತುದಿಗೆ ಅದಕ್ಕೆ ಸರಿಯಾಗಿ ಇನ್ನೊಂದು ಗೆರೆ ಹಾಕಿದೆ. ಒತ್ತಿದಾಗ ಗಾಲಿಯೇ ನಿಲ್ಲುತ್ತಿತ್ತು. ಗೆರೆಗಳು ಎದುರು ಬದುರೇ ಇದ್ದವು. ಅಂದರೆ ಬೆಲ್ಟೂ ಜಾರಿಲ್ಲ, ಗಾಲಿಯೂ ಜಾರಿಲ್ಲ. ಮೋಟರಿಗೇ ಕಸುವಿಲ್ಲ. ಹಳೆ ಮೋಟರ್, ಒಳಗೆ ಸುಟ್ಟಿದೆ, ಮೋಸ ಹೋದೆ ಅಂದುಕೊಂಡು ಎರಡು ವಾರ ಆ ಕಡೆ ನೋಡಲಿಲ್ಲ.

ಆಮೇಲೆ ಕಾರ್ಖಾನೆಯ ಮೆಂಟೆನೆನ್ಸಿನಲ್ಲಿ ಕೆಲಸ ಮಾಡುವ ನಮ್ಮ ಕಲಬುರ್ಗಿ ಕಡೆಯ ಹುಡುಗ ಒಂದೇ ಪ್ರಶ್ನೆ ಕೇಳಿದ: "ಡಬ್ಬಿ ಬಿಚ್ಚಿ ನೋಡೀರೇನ್ರಿ?" ನಾನು ನೋಡಿರಲಿಲ್ಲ. ಪ್ಲಗ್ ಕಿತ್ತು, ವಿಎಫ್‌ಡಿ ಒಳಗಿನ ಕೆಪಾಸಿಟರ್ ಇಳಿಯಲಿ ಅಂತ ಹತ್ತು ನಿಮಿಷ ಬಿಟ್ಟು, ಮೋಟರಿನ ಟರ್ಮಿನಲ್ ಡಬ್ಬಿ ತೆಗೆದೆ. ಆರು ಬೋಲ್ಟ್, ಎರಡು ಸಾಲು. ಒಂದು ಸಾಲಿನ ಮೂರನ್ನೂ ಹಿತ್ತಾಳೆ ಪಟ್ಟಿಯಲ್ಲಿ ಒಟ್ಟಿಗೆ ಕಟ್ಟಿದ್ದರು. ಅದು ಸ್ಟಾರ್ ಜೋಡಣೆ. ಆ ಜೋಡಣೆಯಲ್ಲಿ ಮೋಟರಿಗೆ 415 ವೋಲ್ಟ್ ಬೇಕು. ನಾನು ಕೊಡುತ್ತಿದ್ದದ್ದು 230. ಮೋಟರಿನ ಕಸುವು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟೇಜ್ ಅರ್ಧಕ್ಕೆ ಹತ್ತಿರ ಬಂದರೆ ಕಸುವು ಮೂರರಲ್ಲಿ ಒಂದು ಪಾಲಿಗೂ ಕಮ್ಮಿ. ಒಂದೂವರೆ ಎಚ್‌ಪಿ ಕೊಂಡು ಅರ್ಧವನ್ನೂ ಉಪಯೋಗಿಸುತ್ತಿರಲಿಲ್ಲ.

ಅಡ್ಡಲಾಗಿದ್ದ ಪಟ್ಟಿ ಬಿಚ್ಚಿ, ಮೂರು ತುಂಡುಗಳನ್ನು ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ನೇರ ಹಾಕಿದೆ. ಡೆಲ್ಟಾ ಜೋಡಣೆ ಆಯಿತು, ಇದರಲ್ಲಿ ಅದೇ ಮೋಟರಿಗೆ 230 ವೋಲ್ಟೇ ಸಾಕು. ವಿಎಫ್‌ಡಿಯಲ್ಲಿ ಮೋಟರಿನ ವೋಲ್ಟ್ 230 ಅಂತಲೂ, ಆಂಪನ್ನು 2.6ರ ಬದಲು 1.73 ಪಟ್ಟು ಏರಿಸಿ 4.5 ಅಂತಲೂ ತುಂಬಿದೆ. ಅರ್ಥಿಂಗ್ ತಂತಿ ಮತ್ತೆ ನೋಡಿದೆ. ಸ್ವಿಚ್ ಒತ್ತಿ ಪಟ್ಟಿಯನ್ನು ಮೈಭಾರ ಹಾಕಿ ಒತ್ತಿದೆ. ಬೆಲ್ಟ್ ನಿಲ್ಲಲಿಲ್ಲ, ನಾನೇ ಹಿಂದೆ ಸರಿದೆ. ಹಳೆ ಮೋಟರ್ ಕೊಳ್ಳುವವರು ಗಮನಿಸಿ: ದೊಡ್ಡ ಮೋಟರ್‌ಗಳಲ್ಲಿ 415 ವೋಲ್ಟಿಗೇ ಡೆಲ್ಟಾ ಇರುತ್ತದೆ. ಅವು ಈ ಕೆಲಸಕ್ಕೆ ಬರುವುದಿಲ್ಲ. ಫಲಕದಲ್ಲಿ ಸ್ಟಾರ್ ಗುರುತು ಇದೆಯೇ, ಡಬ್ಬಿಯಲ್ಲಿ ಆರು ತುದಿ ಇವೆಯೇ ಅಂತ ನೋಡಿಯೇ ದುಡ್ಡು ಕೊಡಿ.

ಈಗ ವೇಗದ ಲೆಕ್ಕ. 50 ಹರ್ಟ್ಸ್‌ನಲ್ಲಿ ಬೆಲ್ಟ್ ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. 75ಕ್ಕೆ ಏರಿಸಿದರೆ ಸುಮಾರು 17. ಹದ ಮಾಡದ ಉಕ್ಕಿಗೆ ಅದು ಬೇಕು. ಹದ ಆದ ಅಲಗಿಗೆ 20 ಹರ್ಟ್ಸ್, ಅಂದರೆ ನಾಲ್ಕೂವರೆ ಮೀಟರ್. ಆ ವೇಗದಲ್ಲಿ ಬರಿಗೈಯಲ್ಲಿ ಹಿಡಿದು, ಪ್ರತಿ ಎಳೆತಕ್ಕೂ ನೀರಿಗೆ ಅದ್ದುತ್ತೇನೆ. ಬೆರಳಿಗೆ ಬಿಸಿ ತಡೆಯಲಾಗದ ಮಟ್ಟ ಹದ ಕೆಡುವ ಮಟ್ಟಕ್ಕಿಂತ ಎಷ್ಟೋ ಕೆಳಗಿದೆ. ಬೆರಳೇ ಥರ್ಮಾಮೀಟರ್. ಆದರೆ ತೆಳ್ಳನೆ ಮೊನೆ ಬೆರಳಿಗೆ ಸುದ್ದಿ ಮುಟ್ಟಿಸುವ ಮೊದಲೇ ಸುಡುತ್ತದೆ. ಅದಕ್ಕೇ ಮೊನೆಯ ಹತ್ತಿರ ನಿಲ್ಲಿಸಬಾರದು, ದಾಟಿಸಿಬಿಡಬೇಕು. ಇನ್ನೊಂದು, ಮೋಟರಿನ ಬೆನ್ನಿಗಿರುವ ಫ್ಯಾನ್ ಅದೇ ಶಾಫ್ಟಿನಲ್ಲಿ ತಿರುಗುವುದರಿಂದ ವೇಗ ಇಳಿಸಿದಾಗ ಮೋಟರಿಗೆ ಗಾಳಿ ಸಾಲುವುದಿಲ್ಲ. ತಾಪಕೀರ ಗಲ್ಲಿಯಿಂದ ಒಂದು ಚಿಕ್ಕ ಪ್ಯಾನಲ್ ಫ್ಯಾನ್ ತಂದು ಹಿಂದೆ ಹಚ್ಚಿದೆ.

ಗಾಲಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೇರಿಂಗ್ 6202, ಎರಡೂ ಕಡೆ ರಬ್ಬರ್ ಸೀಲ್ ಇರುವುದು. ತಗಡಿನ ಮುಚ್ಚಳದ್ದು ಹಾಕಿದರೆ ಉಕ್ಕಿನ ಪುಡಿ ಒಳಗೆ ನುಗ್ಗುತ್ತದೆ. ಮೇಲಿನ ಗಾಲಿಯ ನಡು ಸ್ವಲ್ಪ ಉಬ್ಬಿರಬೇಕು. ಬೆಲ್ಟ್ ಯಾವಾಗಲೂ ಎತ್ತರದ ಕಡೆ ಏರುತ್ತದೆ, ಹಾಗಾಗಿ ನಡುವೆ ನಿಲ್ಲುತ್ತದೆ. ಲೇಥಿನವನಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು. ಸಪಾಟು ಮಾಡುವುದೇ ಒಳ್ಳೆ ಕೆಲಸ ಅಂತ ಅವನ ವಾದ.

ಬೆಲ್ಟಿನ ಹಿಂದೆ ಇರುವ ಸಪಾಟು ತಟ್ಟೆಗೆ ಪ್ಲೇಟನ್ ಅನ್ನುತ್ತಾರೆ. ಮೊದಲು 6 ಮಿಲಿಮೀಟರಿನ ಕಬ್ಬಿಣದ ತಗಡು ಹಾಕಿದ್ದೆ. ಎರಡು ತಿಂಗಳಿಗೆ ಬೆಲ್ಟಿನ ಹಿಂಬದಿ ಉಜ್ಜಿ ಉಜ್ಜಿ ನಡುವೆ ತಗ್ಗು ಬಿತ್ತು. ಮೇಲೆ ಸ್ಕೇಲ್ ಇಟ್ಟರೆ ಕೆಳಗೆ ಬೆಳಕು ಕಾಣುತ್ತಿತ್ತು. ತಟ್ಟೆ ತಗ್ಗಾದರೆ ಅಲಗು ಸಪಾಟಾಗುವುದು ಹೇಗೆ? ಹೊರದೇಶದವರು ಗಾಜು-ಸೆರಾಮಿಕ್ ಪಟ್ಟಿ ಅಂಟಿಸುತ್ತಾರೆ. ಅದೇ ಜಾತಿಯ ವಸ್ತು ನಮ್ಮ ಇಂಡಕ್ಷನ್ ಒಲೆಯ ಮೇಲಿರುತ್ತದೆ! ಗುಜರಿಯವನ ಹತ್ತಿರ ಕೆಟ್ಟ ಒಲೆಯೊಂದು ಸಿಕ್ಕಿತು. ಬಿಸಿಗೆ ಅದು ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಹಾಗಾಗಿ ಬಿಸಿ ಇದ್ದಾಗ ನೀರು ಬಿದ್ದರೂ ಸೀಳುವುದಿಲ್ಲ. ಟೈಲ್ಸ್ ಕೊಯ್ಯುವ ಡೈಮಂಡ್ ಡಿಸ್ಕಿನಲ್ಲಿ, ಮೇಲೆ ನೀರು ಹನಿಸುತ್ತಾ, ಆತುರಪಡದೆ 50 ಮಿಲಿಮೀಟರ್ ಅಗಲದ ಪಟ್ಟಿ ಕೊಯ್ದೆ. ಮೊದಲನೆಯದು ಕೊನೆಯ ಎರಡು ಇಂಚಿನಲ್ಲಿ ಒಡೆಯಿತು. ಎರಡನೆಯದು ಉಳಿಯಿತು. ಅಂಚುಗಳನ್ನು ಉಜ್ಜಿ ದುಂಡು ಮಾಡಿ, ಅರಾಲ್ಡೈಟಿನಲ್ಲಿ ಅಂಟಿಸಿದೆ. ಕಾವಿಗೆ ಅಂಟು ಮೆತ್ತಗಾದರೂ ಗಾಜು ಜಾರದಿರಲಿ ಅಂತ ಕೆಳಗೆ ಚಿಕ್ಕದೊಂದು ಉಕ್ಕಿನ ಮೆಟ್ಟಿಲು ಕೊಟ್ಟಿದ್ದೇನೆ. ಬೆಲ್ಟ್ ಮೇಲಿನಿಂದ ಕೆಳಕ್ಕೆ ಓಡುವುದರಿಂದ ಎಳೆತವೆಲ್ಲ ಆ ಮೆಟ್ಟಿಲ ಮೇಲೇ ಬೀಳುತ್ತದೆ. ಒಂದು ವರ್ಷವಾಯಿತು, ಸ್ಕೇಲ್ ಕೆಳಗೆ ಬೆಳಕು ಕಾಣುವುದಿಲ್ಲ.

ಬೆಲ್ಟಿನ ನಂಬರ್ ಆರಿಸುವಾಗ ಮೊದಮೊದಲು ಸಿಕ್ಕಿದ್ದನ್ನೆಲ್ಲ ತಂದೆ. 40, 50, 60, 80, 100, 120. ದುಡ್ಡು ದಂಡ. ಕಾಳಿನ ಗಾತ್ರ ನೋಡಿದರೆ ವಿಷಯ ಸುಲಭ. 36 ನಂಬರಿನ ಕಾಳು ಅರ್ಧ ಮಿಲಿಮೀಟರ್ ಮೇಲೆ. 60 ಅದರ ಅರ್ಧ. 120 ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು. 240 ಮತ್ತೆ ಅದರ ಅರ್ಧಕ್ಕಿಂತ ಒಂಚೂರು ಸಣ್ಣ. ಹೀಗೆ ಪ್ರತಿ ಹೆಜ್ಜೆಗೂ ಕಾಳು ಅರ್ಧವಾದರೆ ಹಿಂದಿನ ಗೀರು ಮುಂದಿನ ಬೆಲ್ಟಿಗೆ ಸಲೀಸಾಗಿ ಹೋಗುತ್ತದೆ. 36, 60, 120, 240, ಕೊನೆಗೆ 400. ಐದೇ ಬೆಲ್ಟ್.

ಇದರಲ್ಲಿ 36 ಮತ್ತು 60 ಮಾತ್ರ ಸೆರಾಮಿಕ್. ಒಂದು ಸೆರಾಮಿಕ್ ಬೆಲ್ಟಿನ ಬೆಲೆಗೆ ಮೂರು ಸಾದಾ ಅಲ್ಯುಮಿನಾ ಬೆಲ್ಟ್ ಬರುತ್ತವೆ. ಬೆಲೆ ಕೇಳಿ ಹೆದರಿ ಅದನ್ನು ಮೆಲ್ಲಗೆ, ಪ್ರೀತಿಯಿಂದ ಉಪಯೋಗಿಸಿದೆ. ಎರಡು ಚಾಕುವಿಗೇ ಹೊಳಪು ಬಂದು ಮೊಂಡಾಯಿತು. ತಪ್ಪು ನನ್ನದೇ. ಸೆರಾಮಿಕ್ ಕಾಳು ಒತ್ತಡಕ್ಕೆ ಚೂರು ಚೂರೇ ಮುರಿದು ಹೊಸ ಮೂತಿ ತೋರಿಸಬೇಕು. ಒತ್ತದಿದ್ದರೆ ಮುರಿಯುವುದಿಲ್ಲ, ಸುಮ್ನೆ ಸವೆಯುತ್ತದೆ. ಈಗ ಜೋರು ವೇಗ, ಜೋರು ಒತ್ತು. ಒಂದು ಬೆಲ್ಟಿನಲ್ಲಿ ಏಳೆಂಟು ಚಾಕು ಬರುತ್ತವೆ. 120ರ ಮೇಲೆ ಸಾದಾ ಅಲ್ಯುಮಿನಾ ಸಾಕು, ಅಲ್ಲಿ ಯಾರೂ ಒತ್ತುವುದಿಲ್ಲ. 400ಕ್ಕೆ ತೆಳ್ಳನೆ ಬಟ್ಟೆಯ, ಬಾಗುವ ಬೆಲ್ಟ್ ಕೇಳಿ. ದಪ್ಪ ಬಟ್ಟೆಯದು ಹಿಡಿಯ ತಿರುವುಗಳಲ್ಲಿ ಅಂಚಿನ ಗೀರು ಬಿಡುತ್ತದೆ. ಮೊಂಡಾದ ಬೆಲ್ಟಿನಲ್ಲಿ ಇನ್ನೊಂದು ಚಾಕು ಎಳೆಯೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಮೊನೆ ಸುಡುವುದು ಆಗಲೇ. ನಾನು ಸತ್ತ ಬೆಲ್ಟಿನ ಹಿಂದೆ ಕೆಂಪು ಪೆನ್ನಿನಲ್ಲಿ ಗುಣಾಕಾರದ ಗುರುತು ಹಾಕಿ ಮರದ ಕೆಲಸಕ್ಕೆ ತಳ್ಳುತ್ತೇನೆ.

ಮರ ಅಂದಾಗ ಬೆಂಕಿಯ ಕತೆ ಹೇಳಬೇಕು. ಹಿಡಿಗೆ ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಿಂದ ಬೀಟೆ, ಸಾಗವಾನಿ ತುಂಡು ತರುತ್ತೇನೆ. ಒಂದು ಸಂಜೆ ಹಿಡಿ ಉಜ್ಜಿ ಮುಗಿಸಿ, ಅದೇ ಬೆಲ್ಟ್ ತೆಗೆದು 60 ಹಾಕಿ, ಮತ್ತೊಂದು ಅಲಗಿನ ಬೆನ್ನು ಸ್ವಲ್ಪ ಸರಿ ಮಾಡಿದೆ. ಐದು ನಿಮಿಷದ ಕೆಲಸ. ಬೆಲ್ಟಿನ ಕೆಳಗೆ ತಗಡಿನ ಟ್ರೇ, ಅದರಲ್ಲಿ ಮರದ ಪುಡಿ, ಅದರ ಮೇಲೆ ಉಕ್ಕಿನ ಕಿಡಿ. ಬಾಗಿಲು ಹಾಕಿ ಕೀಲಿ ತಿರುಗಿಸುವಾಗ ಊದುಬತ್ತಿಯಂಥ ವಾಸನೆ. ಪಕ್ಕದವರ ಪೂಜೆ ಇರಬೇಕು ಅಂತ ನಾಲ್ಕು ಹೆಜ್ಜೆ ನಡೆದೂಬಿಟ್ಟೆ. ಬೀಟೆ ಮರ ಸುಟ್ಟರೆ ವಾಸನೆ ಚೆನ್ನಾಗಿಯೇ ಇರುತ್ತದೆ. ಹಿಂದೆ ಬಂದು ನೋಡಿದರೆ ಟ್ರೇಯೊಳಗೆ ಹೊಗೆ, ಕೆದಕಿದರೆ ಕೆಂಡ. ಅಂದಿನಿಂದ ಉಕ್ಕಿನ ಕಿಡಿ ಬೀಳುವುದು ನೀರು ತುಂಬಿದ ಬಕೆಟ್ಟಿಗೆ. ಮರದ ಪುಡಿ ಹೋಗುವುದು ಬೇರೆ ಪೈಪಿನಲ್ಲಿ, ಬೇರೆ ಡಬ್ಬಕ್ಕೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬ್ರಷ್ ಹಿಡಿದು ಗುಡಿಸುತ್ತೇನೆ. ಬೀಟೆಯ ಪುಡಿ ಹಲವರ ಚರ್ಮಕ್ಕೆ, ಮೂಗಿಗೆ ಆಗುವುದಿಲ್ಲ. ನನಗೆ ಕುತ್ತಿಗೆ ತುಂಬ ಕೆರೆತ. ಕರ್ಚೀಫ್ ಕಟ್ಟಿಕೊಂಡರೆ ಸಾಲದು, ಧೂಳು ತಡೆಯುವ ಫಿಲ್ಟರ್ ಇರುವ ಮಾಸ್ಕ್ ಬೇಕು. ವಿಎಫ್‌ಡಿಯನ್ನು ಮುಚ್ಚಳದ ಡಬ್ಬಿಯಲ್ಲಿ ಗೋಡೆಗೆ ಎತ್ತರದಲ್ಲಿ ಹಾಕಿದ್ದೇನೆ. ಉಕ್ಕಿನ ಪುಡಿ ಕರೆಂಟ್ ಹರಿಸುತ್ತದೆ, ಒಳಗೆ ಹೋದರೆ ಬೋರ್ಡ್ ಸುಟ್ಟ ಹಾಗೆಯೇ. ಲುಂಗಿ, ಶಾಲು, ಉದ್ದ ತೋಳು, ಕೈಗವಸು ಯಾವುದೂ ಓಡುವ ಬೆಲ್ಟಿನ ಹತ್ತಿರ ಬೇಡ.

ಬಫಿಂಗ್ ಗಾಲಿ ಕೊಳ್ಳಲಿಲ್ಲ. ಬಟ್ಟೆಯ ಗಾಲಿ ಮೆತ್ತಗೆ ಕಾಣುತ್ತದೆ, ಆದರೆ ಅಲಗಿನ ಅಂಚನ್ನು ಹಿಡಿದು ನೆಲಕ್ಕೋ ಕಾಲಿಗೋ ಎಸೆಯುವುದರಲ್ಲಿ ಅದನ್ನು ಮೀರಿಸುವ ಮಷಿನ್ ಇಲ್ಲ. ಹೋಟೆಲಿನ ಚಾಕುವಿಗೆ ಕನ್ನಡಿ ಹೊಳಪು ಯಾಕೆ ಬೇಕು? 400ರ ನಂತರ ಕೈಯಲ್ಲೇ ಪಾಲಿಶ್ ಪೇಪರ್, 400 ಮತ್ತು 600, ಸೋಪಿನ ನೀರು ಹಾಕಿ. ಗಟ್ಟಿ ರಬ್ಬರಿನ ತುಂಡಿಗೆ ಪೇಪರ್ ಸುತ್ತಿ, 400ರಲ್ಲಿ ಅಲಗಿಗೆ ಓರೆಯಾಗಿ, 600ರಲ್ಲಿ ಉದ್ದಕ್ಕೆ. ಓರೆ ಗೀರು ಒಂದೂ ಉಳಿದಿಲ್ಲ ಅಂದರೆ ಮುಗಿಯಿತು. ಉಳಿದಿದ್ದರೆ ಟ್ಯೂಬ್‌ಲೈಟ್ ಕೆಳಗೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಕೊನೆಯಲ್ಲಿ ಪೇಪರನ್ನು ಒಂದೇ ದಿಕ್ಕಿಗೆ ಎಳೆಯಬೇಕು. ಹಿಂದೆ ಮುಂದೆ ಮಾಡಿದರೆ ತಿರುಗುವ ಜಾಗದಲ್ಲಿ ಮೀನಿನ ಕೊಕ್ಕೆಯಂಥ ಗುರುತು ಬೀಳುತ್ತದೆ. ಕರೆಂಟ್ ಹೋದ ಗುರುವಾರಗಳಲ್ಲಿ ಈ ಕೆಲಸ.

ಹೋದ ವಾರ ಒಬ್ಬ ಭಟ್ಟರು ಚಾಕುವಿನ ಬದಲು ಅವರ ತಾಯಿಯ ಮೆಟ್ಟುಗತ್ತಿ ತಂದರು. ನಮ್ಮ ಕಡೆ ಅದು ಈಳಿಗೆ, ಇಲ್ಲಿನವರಿಗೆ ವಿಳಿ. ವರ್ಷಗಟ್ಟಲೆ ಕಲ್ಲಿಗೆ ಉಜ್ಜಿ ಅಲಗಿನ ನಡುವೆ ತಗ್ಗು ಬಿದ್ದಿತ್ತು. ಪ್ಲೇಟನ್ ಮೇಲೆ ಇಟ್ಟರೆ ಎರಡು ತುದಿ ತಾಗುತ್ತದೆ, ನಡು ತಾಗುವುದಿಲ್ಲ. ಪ್ಲೇಟನ್ ಬಿಚ್ಚಿಟ್ಟು, ಹಿಂದೆ ಏನೂ ಇಲ್ಲದ ಸಡಿಲ ಬೆಲ್ಟಿನಲ್ಲಿ, 240 ನಂಬರ್ ಹಾಕಿ, 15 ಹರ್ಟ್ಸ್‌ನಲ್ಲಿ ಎಳೆದೆ. ಸಡಿಲ ಬೆಲ್ಟ್ ತಗ್ಗಿಗೆ ತಾನೇ ಹೊಂದಿಕೊಳ್ಳುತ್ತದೆ. ಬಾಯಿಯೂ ಸ್ವಲ್ಪ ಉಬ್ಬಿದ ಹಾಗೆ ಬರುತ್ತದೆ, ಕುಂಬಳಕಾಯಿಗೆ ಅದೇ ಗಟ್ಟಿ. ಹತ್ತು ನಿಮಿಷದಲ್ಲಿ ಅದು ಮುಗಿಯಿತು.

ಮೇಲಿನ ಕಾಯಿ ತುರಿಯುವ ಹಲ್ಲುಗಳಿಗೆ ಯಾವ ಬೆಲ್ಟೂ ಹೊಂದಲಿಲ್ಲ. ಮೂರು ಮೂಲೆಯ ಸಣ್ಣ ಅರ ತೆಗೆದುಕೊಂಡು, ಈಳಿಗೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು ಕೂತೆ. ಹದಿನೆಂಟು ಹಲ್ಲು, ಒಂದೊಂದಕ್ಕೆ ಮೂರು ಎಳೆತ. ಭಟ್ಟರು ಎದುರಿಗೆ ಸ್ಟೂಲ್ ಮೇಲೆ ಕೂತು, ಅವರ ತಾಯಿ ಒಂದು ತೆಂಗಿನಕಾಯಿ ಎಷ್ಟು ಹೊತ್ತಿನಲ್ಲಿ ತುರಿಯುತ್ತಿದ್ದರು ಅಂತ ಹೇಳುತ್ತಿದ್ದರು. ಮಷಿನ್ ಬಂದ್ ಇದ್ದದ್ದರಿಂದ ಅವರ ಮಾತೆಲ್ಲ ಕೇಳಿಸಿತು.